ತಕ್ಕಡಿಗೆ ಮುದ್ರೆ ಬೇಕಾದರೆ ಕ್ಯಾಮೆರಾಕ್ಕೆ ಬೇಡವೆ?

ಸ್ವಂತ ಟೆಂಪೋ ಅಥವಾ ಲಾರಿ ಇಟ್ಟುಕೊಂಡಿರುವ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಈಚಿನ ವರ್ಷಗಳಲ್ಲಿ ಹೊಸದೊಂದು ಬಾಬ್ತು ಸೇರಿಕೊಂಡಿದೆ. ಹೆದ್ದಾರಿಯ ಕಂಬದ ಮೇಲಿನ ಕ್ಯಾಮೆರಾ ವಾಹನದ ವೇಗವನ್ನು ಅಳೆದು, ಸಂಖ್ಯಾಫಲಕವನ್ನು ಓದಿ, ಮಾಲೀಕರ ಮೊಬೈಲಿಗೆ ದಂಡದ ಸಂದೇಶವನ್ನು ಕಳುಹಿಸುತ್ತದೆ. ಬಹುತೇಕ ಕಚೇರಿಗಳಲ್ಲಿ ಮುಂದಿನ ಕ್ರಮವೂ ಯಾಂತ್ರಿಕವೇ. ಗುಮಾಸ್ತರು ಹಣ ಪಾವತಿಸುತ್ತಾರೆ. ತಿಂಗಳ ಕೊನೆಗೆ ಅದು ಚಾಲಕನ ಸಂಬಳದಲ್ಲಿ ಮುರಿದುಹೋಗುತ್ತದೆ. ಆ ವೇಗ ನಿಜವೆ, ಆ ವಾಹನ ನಮ್ಮದೇ ಹೌದೆ ಎಂದು ಪ್ರಶ್ನಿಸುವವರು ವಿರಳ. ಈ ಅಭ್ಯಾಸ ಸರಿಯಲ್ಲವೆಂಬುದು ಈ ಲೇಖನದ ಅಭಿಪ್ರಾಯ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ಇದು ಕ್ಯಾಮೆರಾಗಳ ವಿರುದ್ಧದ ವಾದವಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸಾವಿಗೀಡಾದರು. ಈ ಸಾವುಗಳ ಪೈಕಿ ನೂರಕ್ಕೆ 71ರಷ್ಟು ಅತಿವೇಗದ ಅಪಘಾತಗಳಿಗೆ ಸೇರಿದವು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿಯ ಮೊದಲ ತಿಂಗಳುಗಳ ಅಪಘಾತಗಳನ್ನು ನಮ್ಮ ರಾಜ್ಯದವರು ಮರೆತಿಲ್ಲ. ಆ ರಸ್ತೆಗೆ ಕ್ಯಾಮೆರಾಗಳು ಬಂದುದು ಸ್ವಾಗತಾರ್ಹವೇ. ಮಿತಿ ಮೀರಿ ಓಡಿಸಿದವರು ದಂಡ ತೆರಲೇಬೇಕು. ಆದರೆ ಮಿತಿ ಮೀರಿದ್ದಾರೆಂದು ತೋರಿಸುವ ಹೊಣೆ ಯಾರದು, ಆ ಅಳತೆಯ ಸಾಚಾತನಕ್ಕೆ ಪ್ರಮಾಣವೇನು ಎಂಬುದೇ ಇಲ್ಲಿನ ಪ್ರಶ್ನೆ.

ಈ ಪ್ರಶ್ನೆಯ ಮಹತ್ವ ವರ್ತಕರಿಗೆ ತಿಳಿಯುವಷ್ಟು ಬೇರಾರಿಗೂ ತಿಳಿಯಲಾರದು. ನಮ್ಮ ಅಂಗಡಿಯ ವಿದ್ಯುನ್ಮಾನ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಸತ್ಯಾಪನೆಯಾಗಬೇಕು, ಮುದ್ರೆ ಬೀಳಬೇಕು. ಮುದ್ರೆಯ ಅವಧಿ ಮುಗಿದಿದ್ದರೆ, ತೂಕ ಕರಾರುವಾಕ್ಕಾಗಿದ್ದರೂ ಅಂಗಡಿಯವನು ತಪ್ಪಿತಸ್ಥನೇ. ಪೆಟ್ರೋಲ್ ಬಂಕಿನ ಪಂಪಿಗೂ ವೇ ಬ್ರಿಜ್ಜಿಗೂ ಇದೇ ಕಟ್ಟಳೆ. ಗ್ರಾಹಕನಿಂದ ಹತ್ತು ರೂಪಾಯಿ ಪಡೆಯುವ ಸಾಧನಕ್ಕೆ ಮುದ್ರೆ ಬೇಕೆಂದ ಮೇಲೆ, ಪ್ರಜೆಯಿಂದ ಸಾವಿರಾರು ರೂಪಾಯಿ ದಂಡ ವಸೂಲು ಮಾಡುವ ಸಾಧನಕ್ಕೆ ಬೇಡವೆ?

ಬೇಕೆಂದೇ ಸರಕಾರವೂ ಒಪ್ಪಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2011ರ ಕಾನೂನು ಮಾಪನಶಾಸ್ತ್ರ ಸಾಮಾನ್ಯ ನಿಯಮಗಳಡಿ ವಾಹನಗಳ ವೇಗ ಅಳೆಯುವ ರಾಡಾರ್ ಉಪಕರಣಗಳಿಗೆ ಪ್ರತ್ಯೇಕ ನಿಯಮಗಳನ್ನು ಅಧಿಸೂಚಿಸಿ, 2025ರ ಜುಲೈ 1ರಿಂದ ಜಾರಿಗೊಳಿಸಿತು. ಅದರಂತೆ ಇಂತಹ ಉಪಕರಣಗಳು ಸತ್ಯಾಪನೆಗೊಂಡು ಮುದ್ರೆ ಪಡೆದ ಮೇಲೆಯೇ ಬಳಕೆಗೆ ಬರಬೇಕು. ನಮ್ಮ ತಕ್ಕಡಿಯನ್ನು ಪರೀಕ್ಷಿಸುವ ಕಾನೂನೇ ಈಗ ಪೊಲೀಸರ ರಾಡಾರನ್ನೂ ಪರೀಕ್ಷಿಸುತ್ತದೆಂಬುದು ಸಂತೋಷದ ಸಂಗತಿ. ದಂಡದ ನೋಟೀಸು ಕೈಸೇರಿದಾಗ ಆ ಉಪಕರಣದ ಸತ್ಯಾಪನಾ ಪತ್ರವನ್ನು ಕೇಳುವುದು ತಂಟೆಯಲ್ಲ. ನಿರೀಕ್ಷಕರು ನಮ್ಮ ಅಂಗಡಿಗೆ ಬಂದಾಗ ಕೇಳುವ ಪ್ರಶ್ನೆಯನ್ನೇ ನಾವು ತಿರುಗಿ ಕೇಳಿದಂತೆ.

ಮೋಟಾರು ವಾಹನ ಕಾನೂನು ಸಹ ಈ ದಿಶೆಯಲ್ಲಿ ಮೌನವಾಗಿಲ್ಲ. 2019ರ ತಿದ್ದುಪಡಿಯಿಂದ ಸೇರಿದ 136ಎ ಕಲಮು ವಿದ್ಯುನ್ಮಾನ ನಿಗಾ ವ್ಯವಸ್ಥೆಗೆ ಅವಕಾಶ ನೀಡಿತು. ಅದರಡಿ 2021ರ ಆಗಸ್ಟ್‌ನಲ್ಲಿ ಕೇಂದ್ರ ನಿಯಮಗಳಿಗೆ 167ಎ ಸೇರ್ಪಡೆಯಾಯಿತು. ಉಪಕರಣಕ್ಕೆ ರಾಜ್ಯ ಸರಕಾರ ನೇಮಿಸಿದ ಪ್ರಾಧಿಕಾರದ ಅನುಮೋದನಾ ಪತ್ರವಿರಬೇಕು ಮತ್ತು ಅದು ಪ್ರತಿವರ್ಷ ನವೀಕರಣಗೊಳ್ಳಬೇಕು. ಕ್ಯಾಮೆರಾ ಇರುವ ರಸ್ತೆಭಾಗಕ್ಕೆ ಮುನ್ನ ಎಚ್ಚರಿಕೆಯ ಫಲಕ ಎದ್ದು ಕಾಣುವಂತಿರಬೇಕು. ನೋಟೀಸಿನಲ್ಲಿ ಸಂಖ್ಯಾಫಲಕ ಕಾಣುವ ಸ್ಪಷ್ಟ ಛಾಯಾಚಿತ್ರ, ಉಪಕರಣದ ಅಳತೆ, ದಿನಾಂಕ, ವೇಳೆ, ಸ್ಥಳ, ಉಲ್ಲಂಘಿಸಿದ ಕಲಮು ಹಾಗೂ ಸಾಕ್ಷ್ಯ ಕಾನೂನಿನಂತೆ ವಿದ್ಯುನ್ಮಾನ ದಾಖಲೆಯ ಪ್ರಮಾಣಪತ್ರ ಇರಬೇಕು ಎಂದು ಆ ನಿಯಮ ವಿಧಿಸಿತು. ನೋಟೀಸು 15 ದಿನಗಳೊಳಗೆ ತಲುಪಬೇಕೆಂದೂ ಹೇಳಿತು. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ, ಘಟನೆ ನಡೆದ ದಿನ ಜಾರಿಯಲ್ಲಿದ್ದ ಪಾಠವನ್ನೇ ನೋಡಿಕೊಳ್ಳತಕ್ಕದ್ದು.

ಇದಕ್ಕಿಂತ ಹಳೆಯದಾದ ರಕ್ಷಣೆಯೊಂದು 1988ರ ಅಧಿನಿಯಮದಲ್ಲಿಯೇ ಇದೆ. ಅದರ 209ನೆಯ ಕಲಮಿನಂತೆ, ಅತಿವೇಗದ ಆರೋಪಕ್ಕೆ ಶಿಕ್ಷೆ ವಿಧಿಸಬೇಕಾದರೆ ಚಾಲಕನಿಗೆ ಅಲ್ಲಿಯೇ ಎಚ್ಚರಿಕೆ ನೀಡಿರಬೇಕು, ಇಲ್ಲವೆ 14 ದಿನಗಳೊಳಗೆ ಆತನಿಗೆ ಅಥವಾ ನೋಂದಾಯಿತ ಮಾಲೀಕನಿಗೆ ನೋಟೀಸು ನೀಡಿರಬೇಕು ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿರಬೇಕು, ಇಲ್ಲವೆ 28 ದಿನಗಳೊಳಗೆ ಸಮನ್ಸ್ ಜಾರಿಯಾಗಿರಬೇಕು. ಹೆಸರು ವಿಳಾಸ ಪತ್ತೆಯಾಗದಂತಹ ಸಂದರ್ಭಗಳಿಗೆ ಇದರಿಂದ ವಿನಾಯಿತಿಯುಂಟು. ಕಾರಣ ಸರಳ. ವೇಗ ಕ್ಷಣದ ಸಂಗತಿ. ಎರಡು ತಿಂಗಳ ಬಳಿಕ ಕೇಳಿದರೆ ಯಾವ ಚಾಲಕನೂ ಆ ಕ್ಷಣವನ್ನು ನೆನಪಿಸಿಕೊಂಡು ತನ್ನನ್ನು ಸಮರ್ಥಿಸಿಕೊಳ್ಳಲಾರ.

ಯಂತ್ರ ತಪ್ಪುವುದುಂಟೆ ಎಂದು ಕೆಲವರು ಕೇಳಬಹುದು. ಉಂಟು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ನಿಂತಿದ್ದ ಕಾರಿಗೇ ಅತಿವೇಗದ ದಂಡ ವಿಧಿಸಲಾಗಿತ್ತೆಂಬುದನ್ನು 2012ರಲ್ಲಿ ಅಲ್ಲಿನ ಪತ್ರಿಕೆಯೊಂದು ಬಯಲಿಗೆಳೆಯಿತು. ಸರಕು ಲಾರಿಗಳಿಗೂ ತಪ್ಪು ನೋಟೀಸುಗಳು ಹೋಗಿದ್ದವು. 2013ರಲ್ಲಿ ನಗರಾಡಳಿತವು ಆ ಕ್ಯಾಮೆರಾಗಳನ್ನು ಸ್ಥಗಿತಗೊಳಿಸಬೇಕಾಯಿತು. ಅಲ್ಲಿ ತಪ್ಪು ಹೊರಬಂದುದು ಸರಳ ಲೆಕ್ಕದಿಂದ. ವೇಳೆ ನಮೂದಾದ ಎರಡು ಚಿತ್ರಗಳ ನಡುವೆ ವಾಹನ ಎಷ್ಟು ದೂರ ಸರಿದಿದೆಯೆಂದು ನೋಡಿದರೆ ವೇಗ ತಿಳಿಯುತ್ತದೆ. ಗಂಟೆಗೆ 80 ಕಿ.ಮೀ. ವೇಗದ ವಾಹನ ಅರ್ಧ ಸೆಕೆಂಡಿನಲ್ಲಿ 11 ಮೀಟರಿಗಿಂತ ತುಸು ಹೆಚ್ಚು ದೂರ ಸಾಗಬೇಕು. ನಮ್ಮ ಲಾರಿಯ ಉದ್ದ ನಮಗೆ ತಿಳಿದೇ ಇರುವುದರಿಂದ, ಎರಡು ಚಿತ್ರಗಳು ದೊರೆತರೆ ಈ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು.

ತಪ್ಪು ನುಸುಳುವ ದಾರಿಗಳೂ ಹಲವು. ರಾಡಾರಿನ ಅಲೆ ದೊಡ್ಡ ವಾಹನಗಳಿಂದ ಪ್ರತಿಫಲಿಸಿ ಗೊಂದಲವಾಗಬಹುದು. ಒಂದೇ ಚಿತ್ರದಲ್ಲಿ ಎರಡು ವಾಹನಗಳಿದ್ದಾಗ ಪಕ್ಕದವನ ವೇಗ ನಮ್ಮ ತಲೆಗೆ ಬರಬಹುದು. ಮಾಸಿದ ಫಲಕದಲ್ಲಿ 8 ಮತ್ತು 3 ಒಂದೇ ಆಗಿ ಕಾಣಬಹುದು. ನಮ್ಮ ಸಂಖ್ಯೆಯ ನಕಲಿ ಫಲಕ ಹಾಕಿಕೊಂಡ ವಾಹನ ಬೇರೆಲ್ಲೋ ಓಡುತ್ತಿರಬಹುದು. ಸರಕು ವಾಹನಕ್ಕೂ ಕಾರಿಗೂ ವೇಗಮಿತಿ ಬೇರೆಯಾಗಿರುವಲ್ಲಿ ಯಂತ್ರವು ವಾಹನದ ವರ್ಗವನ್ನೇ ತಪ್ಪಾಗಿ ಗುರುತಿಸಬಹುದು. ಎರಡು ಕಂಬಗಳ ನಡುವಿನ ಸರಾಸರಿ ವೇಗ ಅಳೆಯುವ ಪದ್ಧತಿಯಲ್ಲಿ ಗಡಿಯಾರಗಳ ಹೊಂದಾಣಿಕೆಯೇ ಮುಖ್ಯ. 2 ಕಿ.ಮೀ. ದೂರವನ್ನು 80 ಕಿ.ಮೀ. ವೇಗದಲ್ಲಿ ಕ್ರಮಿಸಲು 90 ಸೆಕೆಂಡು ಬೇಕು. ಗಡಿಯಾರಗಳ ನಡುವೆ 5 ಸೆಕೆಂಡಿನ ವ್ಯತ್ಯಾಸವಿದ್ದು 85 ಸೆಕೆಂಡೆಂದು ದಾಖಲಾದರೆ, ಯಂತ್ರ ತೋರಿಸುವ ವೇಗ 84.7 ಕಿ.ಮೀ. ಚಾಲಕ ಮಿತಿಯೊಳಗೇ ಇದ್ದರೂ ದಂಡ ತಪ್ಪಿದ್ದಲ್ಲ.

ಸಾವಿರ ಎರಡು ಸಾವಿರಕ್ಕಾಗಿ ಅಲೆದಾಡುವುದೇಕೆ, ಒಂದು ದಿನದ ವ್ಯಾಪಾರ ಕೆಡಿಸಿಕೊಳ್ಳುವುದೇಕೆ ಎಂಬುದು ನಮ್ಮಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಲೆಕ್ಕ ಬಲ್ಲವರ ಮಾತಾದರೂ ಇದರಲ್ಲಿ ಲೆಕ್ಕ ಅಪೂರ್ಣವಾಗಿದೆ. ಮಧ್ಯಮ ಮತ್ತು ಭಾರಿ ವಾಹನಗಳ ಅತಿವೇಗಕ್ಕೆ ಕೇಂದ್ರ ಕಾನೂನು 2,000ದಿಂದ 4,000 ರೂಪಾಯಿವರೆಗೆ ದಂಡ ಹೇಳುತ್ತದೆ. ಅಪರಾಧ ಮರುಕಳಿಸಿದರೆ ಚಾಲನಾ ಪರವಾನಗಿಯನ್ನೇ ವಶಪಡಿಸಿಕೊಳ್ಳಬಹುದು. ರಾಜಿ ಶುಲ್ಕ ತೆತ್ತು ಪ್ರಕರಣ ಮುಗಿಸಿಕೊಂಡರೂ, 2019ರ ತಿದ್ದುಪಡಿಯ ನಂತರ, ಅದು ಮೊದಲ ಅಪರಾಧವೆಂದೇ ಪರಿಗಣಿತವಾಗುತ್ತದೆ. ಮಾಡದ ತಪ್ಪಿಗೆ ಗುಮಾಸ್ತರು ಇಂದು ತೆತ್ತ ಹಣ, ನಾಳೆ ಚಾಲಕನ ಪರವಾನಗಿಗೆ ಕುತ್ತು ತರಬಲ್ಲುದು. ಹದಿನೈದು ವರ್ಷ ನಂಬಿಕೆಯಿಂದ ದುಡಿದ ಚಾಲಕನಿಗೆ ಆ ಪರವಾನಗಿಯೇ ಜೀವನೋಪಾಯ. ಆತನನ್ನು ಒಂದು ಮಾತೂ ಕೇಳದೆ ಆತನ ಪರವಾಗಿ ತಪ್ಪೊಪ್ಪಿಕೊಂಡು, ಆ ಹಣವನ್ನು ಆತನ ಸಂಬಳದಲ್ಲಿಯೇ ಮುರಿಯುವುದು ನ್ಯಾಯವಲ್ಲ. ಕಾನೂನುಭಂಗಕ್ಕೆ ತೆತ್ತ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರದ ಖರ್ಚೆಂದು ಒಪ್ಪಲಾಗುವುದಿಲ್ಲವೆಂಬುದನ್ನೂ ಮರೆಯಬಾರದು. ಇದಲ್ಲದೆ, ಗಂಟೆಗೆ 130 ಕಿ.ಮೀ. ಮೀರಿದವರ ಮೇಲೆ 2024ರ ಆಗಸ್ಟ್ 1ರಿಂದ ಮೊಕದ್ದಮೆಯನ್ನೇ ದಾಖಲಿಸುವುದಾಗಿ ರಾಜ್ಯ ಪೊಲೀಸರು ಪ್ರಕಟಿಸಿದ್ದರು. ಅಳತೆಯ ತಪ್ಪಿಗೆ ತೆರಬೇಕಾದ ಬೆಲೆ ಇನ್ನು ಕೇವಲ ರೂಪಾಯಿಗಳಲ್ಲಿಲ್ಲ.

ಬಾಕಿ ದಂಡಗಳಿಗೆ ಅರ್ಧದಷ್ಟು ರಿಯಾಯಿತಿ ನೀಡುವ ಕ್ರಮದ ಬಗೆಗೂ ಒಂದು ಮಾತು. 2023ರ ಫೆಬ್ರವರಿಯಲ್ಲಿ ಮತ್ತು ಪುನಃ 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ನಮ್ಮ ಸರಕಾರ ಇಂತಹ ರಿಯಾಯಿತಿ ನೀಡಿತು. ಜನ ಸಾಲುಗಟ್ಟಿ ಪಾವತಿಸಿದರು. ಬೊಕ್ಕಸಕ್ಕೆ ಹಣ ಬಂದಿತೆಂಬುದು ನಿಜ. ಆದರೆ ಇದರಿಂದ ಸಕಾಲದಲ್ಲಿ ಪೂರ್ತಿ ದಂಡ ತೆತ್ತವರು ಮೂರ್ಖರಾದರು. ತಪ್ಪು ಮಾಡಿದವರಿಗೂ ಮಾಡದವರಿಗೂ ಒಂದೇ ದರವಾಯಿತು. ತಪ್ಪು ನೋಟೀಸಿಗೆ ಬೇಕಾದುದು ಅರ್ಧ ಬೆಲೆಯಲ್ಲ, ರದ್ದತಿ. ಲೋಕ ಅದಾಲತ್ತಿನಲ್ಲಿ ಇತ್ಯರ್ಥಪಡಿಸಿಕೊಳ್ಳುವುದೂ ರಾಜಿಯೇ ಹೊರತು ನಿರ್ದೋಷಿಯೆಂಬ ತೀರ್ಪಲ್ಲ.

ಹಾಗಾದರೆ ಮಾಡಬೇಕಾದುದೇನು? ನೋಟೀಸು ಬಂದೊಡನೆ ಹಣ ಕಟ್ಟದೆ, ಮೊದಲು ಚಿತ್ರವನ್ನು ತೆರೆದು ನೋಡಬೇಕು. ಹಣ ಕಟ್ಟಿದ ಬಳಿಕ ವಾದಕ್ಕೆ ಎಡೆಯಿಲ್ಲ. ಹಾಗೆಂದು ಸುಮ್ಮನೆ ಕೂಡುವುದೂ ಸಲ್ಲದು. ಬಾಕಿಯ ನಮೂದು ಅರ್ಹತಾ ಪತ್ರ, ಮಾಲೀಕತ್ವ ವರ್ಗಾವಣೆಗಳ ವೇಳೆ ತೊಡಕಾಗುತ್ತದೆ. ಆಕ್ಷೇಪಣೆಗೆ ನೋಟೀಸಿನಲ್ಲಿ ಹೇಳಿದ ಗಡುವಿನೊಳಗೆ ಲಿಖಿತವಾಗಿ ಇಲಾಖೆಗೆ ಬರೆದು ಸ್ವೀಕೃತಿ ಪಡೆಯಬೇಕು. ಅಲ್ಲಿ ಪರಿಹಾರ ದೊರೆಯದಿದ್ದರೆ ನ್ಯಾಯಾಲಯದಲ್ಲಿ ವಾದಿಸುವ ಆಯ್ಕೆ ಇದ್ದೇ ಇದೆ. ಉಪಕರಣದ ಅನುಮೋದನೆ ಮತ್ತು ಸತ್ಯಾಪನೆಯ ಪತ್ರಗಳನ್ನು ಕೇಳಿದಾಗ ಕೊಡದಿದ್ದರೆ, 2005ರ ಮಾಹಿತಿ ಹಕ್ಕು ಕಾನೂನಿನಂತೆ ಅರ್ಜಿ ಸಲ್ಲಿಸಿದರೆ 30 ದಿನಗಳಲ್ಲಿ ಉತ್ತರ ಬರಬೇಕು.

ಸಾಕ್ಷ್ಯದ ವಿಷಯದಲ್ಲಿ ವರ್ತಕರು ಸಾಮಾನ್ಯ ಪ್ರಜೆಗಿಂತ ಸುಸ್ಥಿತಿಯಲ್ಲಿದ್ದಾರೆ. ಇ-ವೇ ಬಿಲ್ಲು, ಗೇಟ್ ಪಾಸು, ವೇ ಬ್ರಿಜ್ಜಿನ ಚೀಟಿ, ಟೋಲಿನಲ್ಲಿ ಫಾಸ್ಟ್ಯಾಗ್ ಕಡಿತವಾದ ವೇಳೆ, ಜಿ.ಪಿ.ಎಸ್. ದಾಖಲೆ, ವೇಗ ನಿಯಂತ್ರಕದ ಪ್ರಮಾಣಪತ್ರ, ಇವೆಲ್ಲ ನಮ್ಮ ಕಡತದಲ್ಲಿಯೇ ಇರುತ್ತವೆ. ಮಧ್ಯಾಹ್ನ ಎರಡು ಗಂಟೆಗೆ ತುಮಕೂರಿನ ಗೋದಾಮಿನಲ್ಲಿ ಸರಕು ಇಳಿಸುತ್ತಿದ್ದ ಲಾರಿ ಅದೇ ವೇಳೆಗೆ ಮಂಡ್ಯದ ಬಳಿ ಓಡಿರಲಾರದು. ಯಾವ ವಾಹನವನ್ನು ಯಾವ ಹೊತ್ತಿನಲ್ಲಿ ಯಾರು ಓಡಿಸಿದರೆಂಬ ದಿನಚರಿ ಪುಸ್ತಕವನ್ನು ಇಡದವರು ಇಂದೇ ಆರಂಭಿಸುವುದು ಒಳ್ಳೆಯದು. ಚಾಲಕನ ವಿವರ ಕೇಳಿದಾಗ ಒದಗಿಸುವುದು 133ನೆಯ ಕಲಮಿನಂತೆ ಮಾಲೀಕನ ಕರ್ತವ್ಯವೂ ಹೌದು.

ಕರ್ತವ್ಯದ ಮಾತು ಬಂದುದರಿಂದ ನಮ್ಮ ಕಡೆಯ ಲೋಪವನ್ನೂ ಹೇಳಬೇಕು. ವೇಗಮಿತಿಯನ್ನು ಮೀರದೆ ತಲುಪಲಾಗದಂತಹ ಗಡುವನ್ನು ಮಾಲೀಕನೇ ಚಾಲಕನಿಗೆ ವಿಧಿಸಿದ್ದರೆ, ಅದು ಮಾಲೀಕನ ವಿರುದ್ಧವೇ ಮೇಲುನೋಟದ ಸಾಕ್ಷ್ಯವಾಗುತ್ತದೆಂದು 183ನೆಯ ಕಲಮು ಹೇಳುತ್ತದೆ. ‘ಹತ್ತು ಗಂಟೆಯೊಳಗೆ ಮಾಲು ತಲುಪದಿದ್ದರೆ ಬಾಡಿಗೆ ಕೊಡುವುದಿಲ್ಲ’ ಎನ್ನುವವರು ಇದನ್ನು ಗಮನಿಸಬೇಕು. ಚಾಲಕ ನಿಜಕ್ಕೂ ವೇಗವಾಗಿ ಓಡಿಸಿದ್ದಲ್ಲಿ ವಾದಕ್ಕೆ ಹೋಗದೆ ದಂಡ ತೆರುವುದೇ ಮರ್ಯಾದೆ. ಸುಳ್ಳು ಆಕ್ಷೇಪಣೆಗಳು ಹೆಚ್ಚಿದಷ್ಟೂ ನಿಜವಾದ ಆಕ್ಷೇಪಣೆಗಳಿಗೆ ಬೆಲೆ ಇಲ್ಲವಾಗುತ್ತದೆ.

ನಮ್ಮ ಸಂಸ್ಥೆಯು ಈ ಬಗ್ಗೆ ಸರಕಾರಕ್ಕೆ ಮನವಿ ಸಲ್ಲಿಸುವುದು ಸೂಕ್ತ. ಪ್ರತಿಯೊಂದು ಕ್ಯಾಮೆರಾದ ಸ್ಥಳ, ಅನುಮೋದನೆಯ ಅವಧಿ ಮತ್ತು ಸತ್ಯಾಪನೆಯ ದಿನಾಂಕವನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಅವಧಿ ಮುಗಿದ ಉಪಕರಣದ ನೋಟೀಸುಗಳು ತಾವಾಗಿಯೇ ರದ್ದಾಗಬೇಕು. ಸರಾಸರಿ ವೇಗ ಅಳೆಯುವ ವ್ಯವಸ್ಥೆಗೂ ಗಡಿಯಾರಗಳ ಪರೀಕ್ಷೆ ಕಡ್ಡಾಯವಾಗಬೇಕು. ಆಕ್ಷೇಪಣೆಗೆ ಕಾರಣ ಸಹಿತ ಉತ್ತರ ನಿಗದಿತ ದಿನಗಳಲ್ಲಿ ಬರಬೇಕು. ಇದರಿಂದ ಸರಕಾರಕ್ಕೆ ನಷ್ಟವಿಲ್ಲ. ಮುದ್ರೆ ಇರುವ ತಕ್ಕಡಿಯ ಅಂಗಡಿಯಲ್ಲಿ ಗ್ರಾಹಕ ಚೌಕಾಸಿ ಮಾಡಬಹುದು, ತೂಕದ ಬಗ್ಗೆ ಜಗಳವಾಡುವುದಿಲ್ಲ. ಅಳತೆಯ ಮೇಲೆ ನಂಬಿಕೆಯಿದ್ದರೆ ದಂಡವನ್ನೂ ಜನ ತಕರಾರಿಲ್ಲದೆ ತೆರುತ್ತಾರೆ, ವೇಗವನ್ನೂ ತಗ್ಗಿಸುತ್ತಾರೆ.