ಫ್ರಾಂಚೈಸಿ ತೆಗೆದುಕೊಳ್ಳುವ ಮೊದಲು ಕೇಳಿ: ಕಂಪನಿಗೆ ದುಡ್ಡು ಬರುವುದು ಎಲ್ಲಿಂದ?



ಮುಂಬಯಿಯ ನಮ್ಮವರ ಹೋಟೆಲುಗಳಲ್ಲಿ ಒಂದು ಮಾತು ಹೆಚ್ಚಾಗಿ ಕೇಳಿಬರುತ್ತಿದೆ. ಮಗ ಓದಿದ್ದಾನೆ, ಇಡ್ಲಿ-ವಡೆಯ ಗಲ್ಲಾದಲ್ಲಿ ಕೂರಲು ಅವನಿಗೆ ಮನಸ್ಸಿಲ್ಲ, ಒಂದು ಐಸ್‌ಕ್ರೀಮ್ ಪಾರ್ಲರೋ ಪಿಜ್ಜಾ ಅಂಗಡಿಯೋ ಫ್ರಾಂಚೈಸಿ ತೆಗೆದುಕೊಟ್ಟರೆ ನೋಡಿಕೊಂಡು ಹೋಗುತ್ತಾನೆ ಎಂದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಾಕುವ ಹಣ ಯಾವುದು? ಮೂವತ್ತು ವರ್ಷ ಬೆಳಗ್ಗೆ ನಾಲ್ಕಕ್ಕೆ ಎದ್ದು ಕೂಡಿಟ್ಟದ್ದು, ಇಲ್ಲವೇ ಊರಿನ ಜಾಗ ಮಾರಿ ಬಂದದ್ದು. ಒಮ್ಮೆ ಹೋದರೆ ಐವತ್ತೈದರ ಮೇಲೆ ಮತ್ತೆ ಕೂಡಿಸಲು ಆಗುವುದಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಇಂಗ್ಲಿಷ್ ಕರಾರು ಪತ್ರ ಓದಲು ನನಗೂ ವಕೀಲರೇ ಬೇಕು. ಆದರೆ ರೂಪಾಯಿಯಲ್ಲಿ ಎಷ್ಟು ಪೈಸೆ ಉಳಿಯುತ್ತದೆ ಎಂಬ ಲೆಕ್ಕ ನಮಗೆಲ್ಲ ಗೊತ್ತಿದ್ದದ್ದೇ. ಅದೇ ಲೆಕ್ಕವನ್ನು ಇಲ್ಲಿಯೂ ಹಾಕಬೇಕು ಎನ್ನುವುದು ನನ್ನ ಅಭಿಪ್ರಾಯ.

ಮೂರು ನಾಲ್ಕು ಕಂಪನಿಗಳನ್ನು ಹೋಲಿಸುವಾಗ ಹೆಚ್ಚಿನವರು ನೋಡುವುದು ಎರಡೇ ವಿಷಯ: ಎಷ್ಟು ಲಕ್ಷ ಹಾಕಬೇಕು, ಹೆಸರು ಎಷ್ಟು ದೊಡ್ಡದು. ಮೊದಲು ಕೇಳಬೇಕಾದದ್ದು, ಈ ಕಂಪನಿ ನಮ್ಮಿಂದ ಸಂಪಾದಿಸುವುದು ಹೇಗೆ ಎಂದು. ಅದಕ್ಕೆ ಮೂರು ದಾರಿ. ಸೇರುವಾಗ ಪಡೆಯುವ ಫೀ, ತಿಂಗಳ ರಾಯಲ್ಟಿ, ಮಾಲು ಕೊಡುವುದರಲ್ಲಿ ಲಾಭ. ರಾಯಲ್ಟಿಯಿಂದಲೋ ಮಾಲಿನಿಂದಲೋ ಬದುಕುವ ಕಂಪನಿಗೆ ನಿಮ್ಮ ಅಂಗಡಿ ನಡೆಯಲೇಬೇಕು. ಸೇರುವ ಫೀಯಿಂದಲೇ ಬದುಕುವ ಕಂಪನಿಗೆ ಆ ಚಿಂತೆ ಇಲ್ಲ. ನೀವು ಮುಚ್ಚಿದರೆ ಅದೇ ಏರಿಯಾಕ್ಕೆ ಇನ್ನೊಬ್ಬನನ್ನು ಹುಡುಕುತ್ತದೆ.

ಉದಾಹರಣೆಗೆ ಒಂದು ಲೆಕ್ಕ ನೋಡೋಣ. ತಿಂಗಳಿಗೆ 5 ಲಕ್ಷ ವ್ಯಾಪಾರ, ರಾಯಲ್ಟಿ ಶೇ. 6, ಜಾಹೀರಾತಿಗೆ ಶೇ. 2, ಐದು ವರ್ಷಕ್ಕೆ ಸೇರುವ ಫೀ 10 ಲಕ್ಷ ಎಂದಿಟ್ಟುಕೊಳ್ಳಿ. ರಾಯಲ್ಟಿ 30,000, ಜಾಹೀರಾತು 10,000. ಇವೆರಡರ ಮೇಲೆ ಶೇ. 18 ಜಿಎಸ್‌ಟಿ 7,200. ಸೇರುವ ಫೀ ಜಿಎಸ್‌ಟಿ ಸೇರಿ 11.80 ಲಕ್ಷ, ಅದನ್ನು 60 ತಿಂಗಳಿಗೆ ಹಂಚಿದರೆ ಸುಮಾರು 19,700. ಒಟ್ಟು 66,900 ರೂಪಾಯಿ. ಎಂದರೆ ಬಾಡಿಗೆ, ಸಂಬಳ, ಕರೆಂಟು ಬಿಲ್ಲಿಗೆ ಮೊದಲೇ ರೂಪಾಯಿಗೆ 13 ಪೈಸೆ ಹೋಯಿತು. ನಮ್ಮಂಥ ಸಾಮಾನ್ಯ ಹೋಟೆಲಿಗೆ ಶೇ. 5 ಜಿಎಸ್‌ಟಿಯಲ್ಲಿ ಇನ್‌ಪುಟ್ ಕ್ರೆಡಿಟ್ ಇಲ್ಲವಾದ್ದರಿಂದ ರಾಯಲ್ಟಿ ಮೇಲಿನ ಆ ಶೇ. 18 ಹಿಂದೆ ಬರುವುದಿಲ್ಲ. ಬ್ರೋಷರಿನಲ್ಲಿ ಇದನ್ನು ಯಾರೂ ಬರೆಯುವುದಿಲ್ಲ.

ಹಾಗಾದರೆ ರಾಯಲ್ಟಿ ಇಲ್ಲದ್ದೇ ಒಳ್ಳೆಯದೇ? ಅಮುಲ್ ಪಾರ್ಲರಿಗೆ ರಾಯಲ್ಟಿ ಇಲ್ಲ. ಅವರು ಪ್ರಕಟಿಸಿರುವ ಕಮಿಷನ್ ಪ್ಯಾಕೆಟ್ ಹಾಲಿಗೆ ಶೇ. 2.5, ಹಾಲಿನ ಪದಾರ್ಥಗಳಿಗೆ ಶೇ. 10, ಐಸ್‌ಕ್ರೀಮಿಗೆ ಶೇ. 20. ಒಂದು ಲಕ್ಷದ ಹಾಲು ಮಾರಿದರೆ ಕೈಗೆ 2,500, ಅಷ್ಟೇ ಐಸ್‌ಕ್ರೀಮ್ ಮಾರಿದರೆ 20,000. ಹಾಗಾಗಿ ನಿಮ್ಮ ಗಲ್ಲಿಯಲ್ಲಿ ಯಾವುದು ಹೆಚ್ಚು ಹೋಗುತ್ತದೆ ಎಂದು ತಿಳಿಯದೆ ಲಾಭ ಹೇಳಲು ಬರುವುದಿಲ್ಲ. ಒಂದು ಕಡೆ ರಾಯಲ್ಟಿ, ಇನ್ನೊಂದು ಕಡೆ ಕಡಿಮೆ ಮಾರ್ಜಿನ್. ಎರಡನ್ನೂ ಒಂದೇ ಕಾಗದದಲ್ಲಿ ಬರೆದು, ಕೊನೆಗೆ ಉಳಿಯುವುದನ್ನು ಮಾತ್ರ ಹೋಲಿಸಬೇಕು.

ತಣ್ಣನೆಯ ಮಾಲಿಗೆ ಇನ್ನೂ ಕೆಲವು ಪ್ರಶ್ನೆಗಳಿವೆ. ಕಂಪನಿ ಕೊಡುವುದು ಐಸ್‌ಕ್ರೀಮೋ, ಫ್ರೋಜನ್ ಡೆಸರ್ಟೋ? ಕಾನೂನಿನಂತೆ ಐಸ್‌ಕ್ರೀಮಿನಲ್ಲಿ ಹಾಲಿನ ಕೊಬ್ಬು ಕನಿಷ್ಠ ಶೇ. 10 ಇರಬೇಕು. ಫ್ರೋಜನ್ ಡೆಸರ್ಟಿಗೆ ಹಾಲಿನ ಕೊಬ್ಬಿನ ಬದಲು ವನಸ್ಪತಿ ಎಣ್ಣೆಯ ಕೊಬ್ಬು ಹಾಕುತ್ತಾರೆ. ಎರಡನ್ನೂ ಮಾರಬಹುದು, ಆದರೆ ಕ್ರಯ ಬೇರೆ, ಗಿರಾಕಿ ಕೇಳಿದರೆ ನಾವು ಕೊಡಬೇಕಾದ ಉತ್ತರವೂ ಬೇರೆ. ಎರಡನೆಯದು ತೆರಿಗೆ. ಪಾರ್ಲರಿನಲ್ಲಿ ಮಾರುವ ಸಿದ್ಧ ಐಸ್‌ಕ್ರೀಮಿಗೆ ಶೇ. 18 ಎಂದು 2021ರ ಅಕ್ಟೋಬರಿನಲ್ಲಿ ಸರಕಾರ ಸ್ಪಷ್ಟಪಡಿಸಿತ್ತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 5 ಆಯಿತು. ಹಳೆಯ ಲೆಕ್ಕದ ಹಾಳೆ ತೋರಿಸಿದರೆ ಹೊಸದಾಗಿ ಬರೆಸಿಕೊಳ್ಳಿ. ಮೂರನೆಯದು ಮಳೆಗಾಲ. ಮುಂಬಯಿಯಲ್ಲಿ ಏಪ್ರಿಲ್-ಮೇ ವ್ಯಾಪಾರವನ್ನು ಹನ್ನೆರಡರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿರಾಕಿ ಕಡಿಮೆ, ಬಾಡಿಗೆ ಅಷ್ಟೇ, ಮೈನಸ್ 18 ಡಿಗ್ರಿಯ ಫ್ರೀಜರು ಹಗಲೂ ರಾತ್ರಿ ಓಡಲೇಬೇಕು.

ಹೊರಗೆ ಬರುವ ದಾರಿಯನ್ನೂ ಒಳಗೆ ಹೋಗುವಾಗಲೇ ನೋಡಬೇಕು. ಉತ್ತರ ಮತ್ತು ಪೂರ್ವ ಭಾರತದಲ್ಲಿ ಮೆಕ್‌ಡೊನಾಲ್ಡ್ಸ್ ಪಾಲುದಾರರಾಗಿದ್ದ ವಿಕ್ರಂ ಬಕ್ಷಿಯವರಿಗೂ ಕಂಪನಿಗೂ 2013ರಲ್ಲಿ ಜಗಳ ಶುರುವಾಯಿತು. ವಿವಾದ ಲಂಡನ್ನಿನ ಪಂಚಾಯಿತಿ ಕೋರ್ಟಿನವರೆಗೂ ಹೋಯಿತು. 2017ರ ಜೂನ್‌ನಲ್ಲಿ ಲೈಸೆನ್ಸ್ ನವೀಕರಣವಾಗದೆ ದೆಹಲಿಯ 43 ಔಟ್‌ಲೆಟ್ ಮುಚ್ಚಿದವು. ಆಗಸ್ಟ್‌ನಲ್ಲಿ 169 ಔಟ್‌ಲೆಟ್‌ಗಳ ಫ್ರಾಂಚೈಸಿ ಕರಾರನ್ನು ಕಂಪನಿ ರದ್ದು ಮಾಡಿತು. ರಾಜಿಯಾದದ್ದು 2019ರಲ್ಲಿ. ಅವರಿಗೆ ದೊಡ್ಡ ವಕೀಲರಿದ್ದರು. ನಮಗೆ? ಆದ್ದರಿಂದ ವಿವಾದ ಯಾವ ಊರಿನಲ್ಲಿ ನಡೆಯಬೇಕು, ಮುಚ್ಚಿದರೆ ಫ್ರೀಜರು, ಮೆಷಿನು ಯಾರಿಗೆ, ಪಕ್ಕದ ರಸ್ತೆಯಲ್ಲೇ ಇನ್ನೊಂದು ಅಂಗಡಿ ಕೊಡುವುದಿಲ್ಲವೆಂದು ಬರೆದಿದೆಯೇ, ಬಿಟ್ಟ ಮೇಲೆ ಅದೇ ಜಾಗದಲ್ಲಿ ನಮ್ಮ ಹೆಸರಿನಲ್ಲಿ ವ್ಯಾಪಾರ ಮಾಡಬಹುದೇ, ಇವನ್ನು ಬಾಯಿಮಾತಿನಲ್ಲಿ ಬಿಡದೆ ಬರವಣಿಗೆಯಲ್ಲಿ ಪಡೆಯಿರಿ.

ಅಮೆರಿಕದಲ್ಲಿ ಸಹಿಗೆ ಕನಿಷ್ಠ 14 ದಿನ ಮೊದಲು ಕಂಪನಿ ತನ್ನ ಕೋರ್ಟು ಕೇಸು, ಮುಚ್ಚಿದ ಅಂಗಡಿಗಳ ಸಂಖ್ಯೆ, ಬಿಟ್ಟುಹೋದವರ ಹೆಸರು ಎಲ್ಲವನ್ನೂ ಬರೆದು ಕೊಡಬೇಕೆಂದು ನಿಯಮವಿದೆ. ನಮ್ಮಲ್ಲಿ ಫ್ರಾಂಚೈಸಿಗೆಂದೇ ಅಂಥ ಕಾನೂನು ಇಲ್ಲ, 1872ರ ಕರಾರು ಕಾಯ್ದೆಯೇ ಆಧಾರ. ಹಾಗಾಗಿ ನಾವೇ ಕೇಳಬೇಕು. ಕಂಪನಿ ತೋರಿಸುವ ಚೆನ್ನಾಗಿ ಓಡುವ ಅಂಗಡಿ ನೋಡಿದರೆ ಸಾಲದು, ಬಿಟ್ಟವರ ಹತ್ತಿರ ಚಹಾ ಕುಡಿದು ಬನ್ನಿ. ಹೆಸರು ಕೊಡಲು ಒಪ್ಪದ ಕಂಪನಿಗೆ ಚೆಕ್ಕು ಕೊಡಬೇಡಿ.

ನ್ಯಾಚುರಲ್ಸ್ ಕಟ್ಟಿದ ಮೂಲ್ಕಿಯ ರಘುನಂದನ ಕಾಮತ್ 2024ರಲ್ಲಿ ತೀರಿಕೊಂಡರು. 1984ರಲ್ಲಿ ಜುಹುವಿನಲ್ಲಿ ಅವರು ಆರಂಭಿಸಿದಾಗ ಐಸ್‌ಕ್ರೀಮಿನ ಜೊತೆ ಪಾವ್‌ಭಾಜಿಯೂ ಇತ್ತು. ಐಸ್‌ಕ್ರೀಮಿಗೇ ಜನ ಬರುತ್ತಾರೆಂದು ಖಾತ್ರಿಯಾದ ಮೇಲೆ ಪಾವ್‌ಭಾಜಿ ನಿಲ್ಲಿಸಿದರು. ನಮ್ಮ ಮಕ್ಕಳಿಗೂ ಈ ಕ್ರಮ ಒಳ್ಳೆಯದು. ಇರುವ ಹೋಟೆಲಿನ ಮೂಲೆಯಲ್ಲಿ ಒಂದು ಫ್ರೀಜರಿಟ್ಟು, ಒಂದು ಬೇಸಿಗೆ ಮತ್ತು ಒಂದು ಮಳೆಗಾಲದ ವ್ಯಾಪಾರವನ್ನು ಮಗನೇ ಬರೆದಿಡಲಿ. ಆಮೇಲೆ ಮಾತುಕತೆಗೆ ಕೂತರೆ ಕಂಪನಿಯ ಅಂಕಿಯ ಎದುರು ಅವನ ಕೈಯಲ್ಲೂ ಅಂಕಿ ಇರುತ್ತದೆ.

ಕೊನೆಯದಾಗಿ ನಮ್ಮ ಸಂಘಕ್ಕೆ ಒಂದು ವಿನಂತಿ. ತಿಂಗಳಿಗೊಮ್ಮೆ ಒಬ್ಬ ವಕೀಲರು, ಒಬ್ಬ ಸಿಎ ಸಂಘದ ಕಚೇರಿಯಲ್ಲಿ ಎರಡು ಗಂಟೆ ಕೂತು ಸದಸ್ಯರ ಕರಾರು ಪತ್ರ ನೋಡಿಕೊಡುವ ವ್ಯವಸ್ಥೆ ಆಗಲಿ. ಫ್ರಾಂಚೈಸಿ ನಡೆಸುತ್ತಿರುವ ಸದಸ್ಯರೂ ಅಂದು ಬಂದು ತಮ್ಮ ಅನುಭವ ಹೇಳಲಿ. ಸಹಿ ಹಾಕಿದ ಮೇಲೆ ಸಲಹೆ ಕೇಳಿ ಬಂದರೆ ಯಾರೂ ಏನೂ ಮಾಡಲಾಗದು. ಸಹಿಗೆ ಮೊದಲು ಬನ್ನಿ.