ಫೋನು ಸಿಕ್ಕಿತು, ಸಾಕ್ಷಿ ಎಲ್ಲಿ?

ಕಳ್ಳಂಬೆಳ್ಳ: ಸಾಲದ ಮಾತು, ಜಮೀನಿನ ಜಗಳ, ಬೆದರಿಕೆ, ದುಡ್ಡಿನ ಮೋಸ ಎಲ್ಲಾ ಈಗ ಫೋನಿನೊಳಗೇ ನಡೆಯುತ್ತಿದೆ. ಕೇಸು ಬಿದ್ದಾಗ 'ಎಲ್ಲಾ ಫೋನಲ್ಲೇ ಇದೆ ಸ್ವಾಮಿ' ಅನ್ನೋದು ಸುಲಭ. ಅದನ್ನು ಕೋರ್ಟಿನಲ್ಲಿ ರುಜುವಾತು ಮಾಡೋದು ಕಷ್ಟ. ಸಾಕ್ಷಿ ಹಾಳುಮಾಡಲು ಕಳ್ಳನೇ ಬೇಕಿಲ್ಲ. ಮೋಸ ಹೋದವನ ಗಾಬರಿಯೂ ಸಾಕು.

ಅಳಿಸಿದ್ದನ್ನು ಲ್ಯಾಬಿನವರು ತೆಗೆದುಕೊಡ್ತಾರೆ ಅನ್ನೋ ನಂಬಿಕೆ ಹಳೇ ಕೀಪ್ಯಾಡ್ ಫೋನಿನ ಕಾಲದ್ದು. ಆಗ ಅಳಿಸಿದ ಮೆಸೇಜು, ಅದರ ಜಾಗಕ್ಕೆ ಇನ್ನೊಂದು ಬಂದು ಕೂರುವವರೆಗೆ ಒಳಗೇ ಉಳಿದಿರುತ್ತಿತ್ತು. ಈಗಿನ ಸ್ಮಾರ್ಟ್‌ಫೋನು ಎಲ್ಲವನ್ನೂ ಗೂಢಲಿಪಿಯಲ್ಲಿ ಬೀಗ ಹಾಕಿ ಇಡುತ್ತದೆ. ರಿಪೇರಿ ಅಂಗಡೀಲಿ ಒಮ್ಮೆ ಫ್ಯಾಕ್ಟರಿ ರೀಸೆಟ್ ಮಾಡಿಸಿದರೆ ಬೀಗದ ಕೈಯೇ ನಾಶ. ಆಮೇಲೆ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೊತ್ತೊಯ್ದರೂ ಕೈಗೆ ಹತ್ತೋದು ಅನುಮಾನ.

ಟವರ್ ಲೊಕೇಶನ್ ಇದೆಯಲ್ಲ ಅನ್ನುವವರೂ ಇದ್ದಾರೆ. ಹಳ್ಳಿ ಕಡೆ ಒಂದು ಟವರು ಹಲವು ಕಿಲೋಮೀಟರಿಗೆ ಹಬ್ಬಿರಬಹುದು. ಫೋನು ಕಳ್ಳಂಬೆಳ್ಳದ ಸುತ್ತ ಇತ್ತು ಎಂದೀತೇ ಹೊರತು, ಆಸಾಮಿ ಕೆರೆ ಏರಿ ಮೇಲಿದ್ದನೋ, ಹೆದ್ದಾರಿಯಲ್ಲಿ ಶಿರಾ ಬಸ್ಸಿನಲ್ಲಿದ್ದನೋ ಹೇಳದು.

ಪೊಲೀಸರಿಗೂ ಇದು ಸಲೀಸಲ್ಲ. ವಶಪಡಿಸಿಕೊಂಡ ಫೋನನ್ನು ದೂರದಲ್ಲಿ ಕೂತವನೂ ಖಾಲಿ ಮಾಡಬಲ್ಲ. ಅದಕ್ಕೇ 2021ರ ಮಾರ್ಚ್ 12ರಂದು, ಬೆಂಗಳೂರಿನ ಮಾದಕ ವಸ್ತು ಪ್ರಕರಣವೊಂದರಲ್ಲಿ, ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ಕ್ರಮ ಹೇಳಿದರು: ಫೋನನ್ನು ಸಿಗ್ನಲ್ ನುಗ್ಗದ ಫ್ಯಾರಡೆ ಚೀಲದಲ್ಲಿಡಬೇಕು, ಸಿಮ್ ತೆಗೆದು ಬೇರೆ ಕಟ್ಟಬೇಕು, ಚಾರ್ಜು ಇಳಿಯಲು ಬಿಡಬಾರದು. ಆರೋಪಿ ಪಾಸ್‌ವರ್ಡ್ ಕೊಡಲೊಲ್ಲೆ ಎಂದರೆ ತನಿಖಾಧಿಕಾರಿ ಕೋರ್ಟಿಗೇ ಹೋಗಬೇಕು.

ಕಾಗದಪತ್ರದ ಕಾಟ ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಸ್ಕ್ರೀನ್‌ಶಾಟ್ ಪ್ರಿಂಟು ಹಾಕಿಸಿ ಕೊಟ್ಟರೆ ಸಾಲದು. ಜೊತೆಗೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಸಾಕ್ಷ್ಯ ಹಾಜರುಪಡಿಸುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಕಡತದ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಇದು ಕಡತದ ಬೆರಳಚ್ಚು ಇದ್ದ ಹಾಗೆ. ಒಂದಕ್ಷರ ತಿದ್ದಿದರೂ ಸಂಖ್ಯೆ ಬೇರೆಯಾಗುತ್ತದೆ.

ಹಾಗಾದರೆ ಅಂಗಡಿಯವರು, ಬಸ್ಸಿನ ಪ್ರಯಾಣಿಕರು ಮಾಡಬೇಕಾದ್ದೇನು? ಫೋನಿನಲ್ಲಿ ದುಡ್ಡು ಹೋಯಿತೋ, ಕೂಡಲೇ 1930ಕ್ಕೆ ಕರೆ ಮಾಡಿ. ಮರ್ಯಾದೆಗೆ ಅಂಜಿ ಮೆಸೇಜು ಅಳಿಸಬೇಡಿ. ಫೋನನ್ನು ರೀಸೆಟ್ ಮಾಡಿಸಬೇಡಿ, ಎಕ್ಸ್‌ಚೇಂಜಿಗೆ ಕೊಡಬೇಡಿ. ಹಾಗೇ ಠಾಣೆಗೆ ಒಯ್ಯಿರಿ. ಕರೆಗಳ ವಿವರವನ್ನು ಕಂಪನಿಯವರು ಕನಿಷ್ಠ 2 ವರ್ಷ ಇಟ್ಟಿರಲೇಬೇಕು. ಫೋನಿನೊಳಗಿನದಕ್ಕೆ ಅಂಥ ಗ್ಯಾರಂಟಿ ಇಲ್ಲ. ಕೇಸು ವರ್ಷಗಟ್ಟಲೆ ನಡೆದೀತು, ಸಾಕ್ಷಿಯ ಹಣೆಬರಹ ಮಾತ್ರ ಮೊದಲ ದಿನವೇ ತೀರ್ಮಾನವಾಗಿಬಿಡುತ್ತೆ.