ಪೂರ್ತಿ ಬರೆಯೋಕಾದ್ರೂ ಬಿಡಿ ಸ್ವಾಮಿ

ಮೊನ್ನೆ ಡೊಂಬಿವ್ಲಿಯ ನಮ್ಮ ಮನೆಗೆ ಬಂದಿದ್ದ ಅತ್ತೆ ಮೊಬೈಲಿನಲ್ಲಿ ಒಂದು ಫಾರ್ಮ್ ತುಂಬುತ್ತಾ ಕೂತಿದ್ದರು. ಪ್ಯಾನ್ ನಂಬರಿನ ಮೊದಲ ಅಕ್ಷರ ಒತ್ತಿದ್ದೇ ತಡ, 'ತಪ್ಪು ಸಂಖ್ಯೆ' ಅಂತ ಕೆಂಪಕ್ಷರ. "ನನ್ನ ಕಾರ್ಡೇ ಸರಿ ಇಲ್ವೇನೋ" ಅಂತ ಗಾಬರಿಯಾಗಿ ಮೊಬೈಲ್ ಕೆಳಗಿಟ್ಟೇಬಿಟ್ಟರು.

ಇಂಥ ಫಾರ್ಮ್ ಬರೆಯೋದೇ ನನ್ನ ಹೊಟ್ಟೆಪಾಡು. ಪ್ಯಾನ್ ಅಂದರೆ 5 ಇಂಗ್ಲಿಷ್ ಅಕ್ಷರ, 4 ಅಂಕಿ, ಕೊನೆಗೊಂದು ಅಕ್ಷರ. ಈ ಅಚ್ಚಿಗೆ ನಾವು ರೆಗ್ಯುಲರ್ ಎಕ್ಸ್‌ಪ್ರೆಶನ್ ಅನ್ನುತ್ತೇವೆ. ಪ್ರತಿ ಕೀಲಿ ಒತ್ತಿದಾಗಲೂ ಪೂರ್ತಿ ಅಚ್ಚಿಗೆ ಹಚ್ಚಿ ನೋಡಿದರೆ ಮೊದಲ 9 ಸಲ ತಪ್ಪೇ ಬರಬೇಕಲ್ಲ! ಅದಕ್ಕೆ ಕೆಲವರು 'ಒಂದಿದ್ದರೂ ಸರಿ, ಎರಡಿದ್ದರೂ ಸರಿ' ಅಂತ ಆವರಣದೊಳಗೆ ಆವರಣ ಹಾಕಿ ಮಾರುದ್ದದ ಅಚ್ಚು ಹೊಸೆಯುತ್ತಾರೆ. ಆರು ತಿಂಗಳಾದರೆ ಬರೆದವನಿಗೇ ಅರ್ಥವಾಗದು (ನಾನೂ ಹೊಸೆದಿದ್ದೇನೆ, ಬಿಡಿ).

ನನ್ನ ಕೇಳಿದರೆ ಎರಡು ಅಚ್ಚು ಇರಲಿ, ಎರಡೂ ಚಿಕ್ಕದಿರಲಿ. ಬರೆಯುವಾಗ ನೋಡಬೇಕಾದ್ದು ಇಷ್ಟೇ: ಅಕ್ಷರ, ಅಂಕಿ ಬಿಟ್ಟು ಬೇರೇನಾದರೂ ಬಂತಾ, 10 ದಾಟಿತಾ? ಸಣ್ಣಕ್ಷರವನ್ನು ದೊಡ್ಡದು ಮಾಡೋದು, ನಡುವಿನ ಖಾಲಿ ಜಾಗ ತೆಗೆಯೋದು ನಮ್ಮ ಕೆಲಸ, ಅತ್ತೆಯದ್ದಲ್ಲ. 5-4-1ರ ಲೆಕ್ಕ ಅವರು ಮುಂದಿನ ಖಾನೆಗೆ ಹೋದ ಮೇಲೆ ನೋಡಿದರಾಯಿತು. ಆಗಲೂ ಬರೀ 'ತಪ್ಪು' ಅನ್ನದೆ, 'ಆರನೆಯದು ಅಂಕಿ ಇರಬೇಕು' ಅಂತ ಬಿಡಿಸಿ ಹೇಳಲಿ.

ಅತ್ತೆಯ ಫಾರ್ಮ್ ಕೊನೆಗೆ ನಾನೇ ತುಂಬಿದೆ. ಕಾರ್ಡು ಸರಿಯಾಗೇ ಇತ್ತು.